ತಟ್ಟೆಯೆಂಬ ಪಠ್ಯ

ಹದಿಹರೆಯದ ಮಕ್ಕಳಿಗೆ ಆರೋಗ್ಯಕರವೂ ನೆಲಜಲಗಳಿಗೆ ಹಿತಕರವೂ ಆದ ಆಹಾರವನ್ನು ಆರಿಸಿಕೊಳ್ಳುವ ವಿವೇಕವನ್ನು ಕಲಿಸುತ್ತಿದ್ದೇವೆಂದು ನಮ್ಮ ಪ್ರೌಢಶಾಲೆಗಳು ಈಚಿನ ವರ್ಷಗಳಲ್ಲಿ ಗಳಿಸಿಕೊಂಡಿರುವ ಕೀರ್ತಿ, ಸಾವಧಾನವಾಗಿ ಪರಿಶೀಲಿಸಿದರೆ, ಬಹುಮಟ್ಟಿಗೆ ಗೋಡೆಗೆ ತೂಗುಹಾಕಿದ ಚಿತ್ರಪಟಗಳ ಕೀರ್ತಿ. ಸೆಪ್ಟೆಂಬರಿನ ಪೋಷಣ ಮಾಸ ಬಂದಿತೆಂದರೆ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಶಾಲಾ ಪಡಸಾಲೆಗಳಲ್ಲಿ ಕಾಳುಕಡಿಗಳ ರಂಗವಲ್ಲಿ ಮೂಡುತ್ತದೆ. ಜೀವಸತ್ವಗಳ ಪಟ್ಟಿ ಬಣ್ಣಬಣ್ಣದ ಅಕ್ಷರಗಳಲ್ಲಿ ಮೆರೆಯುತ್ತದೆ. ಸಮತೋಲನ ಆಹಾರವನ್ನು ಕುರಿತು ಒಬ್ಬ ವಿದ್ಯಾರ್ಥಿನಿ ಬಾಯಿಪಾಠ ಒಪ್ಪಿಸುತ್ತಾಳೆ. ಅತಿಥಿಗಳು ಚಪ್ಪಾಳೆ ತಟ್ಟಿ, ಭಾವಚಿತ್ರ ತೆಗೆಸಿಕೊಂಡು, ಊಟದ ಗಂಟೆ ಬಾರಿಸುವುದಕ್ಕೆ ಮೊದಲೇ ತೆರಳುತ್ತಾರೆ. ಆ ಗಂಟೆ ಬಾರಿಸಿದ ಮೇಲೆ ಅದೇ ಪಡಸಾಲೆಯಲ್ಲಿ ಸಾಲಾಗಿ ಕುಳಿತ ಮಕ್ಕಳ ಮುಂದೆ ಬಂದು ನಿಲ್ಲುವ ತಟ್ಟೆಯನ್ನು ಮಾತ್ರ ಯಾರೂ ವಿಮರ್ಶೆಗೆ ಎತ್ತಿಕೊಂಡದ್ದಿಲ್ಲ. ಪ್ರಸ್ತುತ ಲೇಖನದ ನಿರ್ಣಯವನ್ನು ಮರೆಮಾಚದೆ ಮೊದಲಿಗೇ ಹೇಳಿಬಿಡುವುದು ಓದುಗರಿಗೆ ಮಾಡುವ ಉಪಕಾರ: ಚಿತ್ರಪಟದ ಪಾಠಕ್ಕೆ ಸಂದಿರುವ ಮನ್ನಣೆ ಅದರ ಯೋಗ್ಯತೆಯನ್ನು ಮೀರಿದ್ದು, ಈ ಎರೆನಾಡಿನ ಹುಡುಗ ಹುಡುಗಿಯರಿಗೆ ಆಹಾರವಿವೇಕವನ್ನು ನಿಜವಾಗಿ ಕಲಿಸುತ್ತಿರುವ, ಅಥವಾ ಕೆಡಿಸುತ್ತಿರುವ, ಗ್ರಂಥ ಬಿಸಿಯೂಟದ ತಟ್ಟೆ.

ಈ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹದ ಚರಿತ್ರೆಯನ್ನು ಬಲ್ಲವರ ಮುಂದೆ ವಿಸ್ತರಿಸಬೇಕಾದ ಅಗತ್ಯವಿಲ್ಲ. ಬೇಯಿಸಿದ ಊಟವನ್ನೇ ಕೊಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯ 2001ರ ನವೆಂಬರ್ 28ರಂದು ಆಜ್ಞಾಪಿಸಿದ್ದು, ನಮ್ಮ ರಾಜ್ಯದಲ್ಲಿ ಅದು 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾಗಿ ಮರುವರ್ಷ ಉಳಿದೆಡೆಗೂ ಹಬ್ಬಿ 2007ರ ಹೊತ್ತಿಗೆ ಹತ್ತನೆಯ ತರಗತಿಯನ್ನು ಮುಟ್ಟಿದ್ದು, ಇವೆಲ್ಲ ಸುಪ್ರಸಿದ್ಧವೇ. ನಮಗೆ ಇಲ್ಲಿ ಬೇಕಾದದ್ದು ಒಂದು ಸರಳವಾದ ಗಣಿತ ಮಾತ್ರ. ಒಂದನೆಯ ತರಗತಿಗೆ ಸೇರಿದ ಮಗು ಹತ್ತನೆಯ ತರಗತಿಯನ್ನು ಮುಗಿಸುವವರೆಗೆ, ವರ್ಷಕ್ಕೆ ಇನ್ನೂರು ದಿನಗಳೆಂದು ಹಿಡಿದರೂ, ಎರಡು ಸಾವಿರ ಸಲ ಸರ್ಕಾರದ ಕೈಯಿಂದ ಉಣ್ಣುತ್ತದೆ. ಅದೇ ಅವಧಿಯಲ್ಲಿ ಆಹಾರವನ್ನು ಕುರಿತ ಪಾಠಗಳನ್ನು ಅದು ಎಷ್ಟು ಸಲ ಓದುತ್ತದೆಂಬುದನ್ನು ಬೆರಳು ಮಡಿಚಿ ಎಣಿಸಬಹುದು. ಎರಡು ಸಾವಿರ ಸಲ ಆವೃತ್ತಿಯಾಗುವ ಪಾಠ ಮನಸ್ಸಿನಲ್ಲಿ ಯಾವ ಸಂಸ್ಕಾರವನ್ನು ಬಿತ್ತುತ್ತದೆ, ನಾಲ್ಕಾರು ಸಲ ಕೇಳಿಬಂದ ಪಾಠ ಯಾವುದನ್ನು ಬಿತ್ತುತ್ತದೆ ಎಂಬ ತಾರತಮ್ಯವನ್ನು ತಿಳಿಯಲು ಶಿಕ್ಷಣಶಾಸ್ತ್ರದ ಪಾಂಡಿತ್ಯ ಬೇಕಾಗಿಲ್ಲ.

ಮೊದಲು ಅಕ್ಷರರೂಪದ ಪಾಠವನ್ನೇ ನೋಡೋಣ. ಕೇಂದ್ರದ ವಿಜ್ಞಾನ ಪುಸ್ತಕವನ್ನು ನಮ್ಮ ರಾಜ್ಯ ಕನ್ನಡಕ್ಕೆ ತಂದು ಬಳಸುತ್ತ ಬಂದಿದೆ. ಅದರ ಎಂಟನೆಯ ತರಗತಿಯ ಭಾಗದಲ್ಲಿ ಹದಿಹರೆಯದ ದೇಹದ ಮಾರ್ಪಾಡುಗಳನ್ನು ವಿವರಿಸುವ ಅಧ್ಯಾಯದೊಳಗೆ ಪೋಷಣೆಯನ್ನು ಕುರಿತು ಒಂದು ಪುಟ್ಟ ಪರಿಚ್ಛೇದವಿದೆ. ರೊಟ್ಟಿ, ಅನ್ನ, ಬೇಳೆ, ತರಕಾರಿಗಳು ಕೂಡಿದ ಭಾರತೀಯ ಭೋಜನ ಸಮತೋಲನದ್ದು; ಹಾಲು ತಾನೇ ಒಂದು ಸಮತೋಲನ ಆಹಾರ; ಕಬ್ಬಿಣಾಂಶಕ್ಕಾಗಿ ಸೊಪ್ಪು, ಬೆಲ್ಲ, ಮಾಂಸ, ನಿಂಬೆಯ ಜಾತಿಯ ಹಣ್ಣು, ನೆಲ್ಲಿಕಾಯಿಗಳನ್ನು ತಿನ್ನಬೇಕು; ಪೊಟ್ಟಣದ ತಿನಿಸು ರುಚಿಯಾಗಿದ್ದರೂ ಊಟದ ಸ್ಥಾನಕ್ಕೆ ಬರಕೂಡದು. ಇದಿಷ್ಟು ಅದರ ತಾತ್ಪರ್ಯ. ಇದನ್ನು ಓದಿ ತಲೆದೂಗುವವರು ಎರಡನೆಯ ಬಾರಿ ಓದಿರಲಾರರು. ನಿಂಬೆ, ನೆಲ್ಲಿಗಳಲ್ಲಿ ಹೇರಳವಾಗಿರುವುದು ಸಿ ಜೀವಸತ್ವ. ಅದು ಸೊಪ್ಪುಕಾಳುಗಳಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳುವುದಕ್ಕೆ ನೆರವಾಗುತ್ತದೆ. ಆದರೆ ಅವುಗಳನ್ನೇ ಕಬ್ಬಿಣದ ಆಕರಗಳ ಪಂಕ್ತಿಯಲ್ಲಿ ಕೂಡಿಸಿದರೆ, ಪುಂಡಿಪಲ್ಯದ ಜೊತೆಗೆ ನಿಂಬೆಯನ್ನು ಏಕೆ ಹಿಂಡಿಕೊಳ್ಳಬೇಕೆಂಬ ಅತ್ಯಂತ ಉಪಯುಕ್ತವಾದ ತಿಳಿವಳಿಕೆಯೇ ನಷ್ಟವಾಗಿ, ನಿಂಬೆ ಬೇರೆ ಪುಂಡಿ ಬೇರೆ ಎಂಬ ಎರಡು ನಿರ್ಜೀವ ಸಂಗತಿಗಳು ಮಾತ್ರ ಉಳಿಯುತ್ತವೆ.

ಈ ಸ್ಖಾಲಿತ್ಯ ಕ್ಷಮ್ಯವೆನ್ನೋಣ. ಅಷ್ಟು ಸುಲಭವಾಗಿ ಕ್ಷಮಿಸಲಾಗದ ಕೊರತೆ ಇನ್ನೊಂದಿದೆ. ಅದೇ ಪುಸ್ತಕದ ಮೊದಲನೆಯ ಅಧ್ಯಾಯ ಬೆಳೆಗಳನ್ನು ಕುರಿತದ್ದು. ಮುಂಗಾರಿ ಬೆಳೆಗಳಿಗೆ ಉದಾಹರಣೆಯಾಗಿ ಭತ್ತ, ಮೆಕ್ಕೆಜೋಳ, ಸೋಯಾ, ಶೇಂಗಾ, ಹತ್ತಿಗಳನ್ನೂ ಹಿಂಗಾರಿಗೆ ಗೋದಿ, ಕಡಲೆ, ಬಟಾಣಿ, ಸಾಸಿವೆ, ಅಗಸೆಗಳನ್ನೂ ಅದು ಹೆಸರಿಸುತ್ತದೆ. ಹಿಂಗಾರಿ ಮಳೆ ಕುಡಿದ ಕರಿಯೆರೆಯಲ್ಲಿ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬಿತ್ತಿ, ಮತ್ತೊಂದು ಹನಿ ನೀರು ಕಾಣಿಸದೆಯೇ ಮಣ್ಣಿನಲ್ಲಿ ಉಳಿದ ತೇವದಿಂದ ಬೆಳೆದು ಫೆಬ್ರುವರಿಯ ಹೊತ್ತಿಗೆ ತೆನೆ ಕೊಯ್ಯುವ ಬಿಳಿಜೋಳ, ರೋಣದ ವಿದ್ಯಾರ್ಥಿ ತನ್ನ ಮನೆಯ ಹೊಲದಲ್ಲಿ ಹುಟ್ಟಿದಂದಿನಿಂದ ನೋಡುತ್ತ ಬಂದ ಆ ಜೋಳ, ಹಿಂಗಾರಿಯ ಆ ಸಾಲಿನಲ್ಲಿಲ್ಲ. ಬೆಳೆಯ ಅಧ್ಯಾಯ ಪುಸ್ತಕದ ಒಂದು ತುದಿಗೆ, ಪೋಷಣೆಯ ಪರಿಚ್ಛೇದ ಮತ್ತೊಂದು ತುದಿಗೆ. ನಡುವೆ ಇವೆರಡೂ ಒಂದೇ ವಿಷಯವೆಂದು ಹೇಳುವ ಒಂದು ವಾಕ್ಯವೂ ಇಲ್ಲ. ಹೊಲ ಒಂದು ಶಾಸ್ತ್ರ, ಹೊಟ್ಟೆ ಇನ್ನೊಂದು ಶಾಸ್ತ್ರ ಎಂದು ಕಲಿತ ಬಾಲಕ, ನೆಲಕ್ಕೆ ಹಿತವಾದದ್ದನ್ನೂ ದೇಹಕ್ಕೆ ಹಿತವಾದದ್ದನ್ನೂ ಕೂಡಿಸಿ ನೋಡುವ ದೃಷ್ಟಿಯನ್ನು ಎಲ್ಲಿಂದ ತರಬೇಕು?

ಇನ್ನು ತಟ್ಟೆಯ ಪಾಠಕ್ಕೆ ಬರೋಣ. ಆರರಿಂದ ಮೇಲಿನ ತರಗತಿಗಳ ವಿದ್ಯಾರ್ಥಿಗೆ ಒಂದು ಹೊತ್ತಿನ ಊಟಕ್ಕೆಂದು ನಿಗದಿಯಾದದ್ದು 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, 7.5 ಗ್ರಾಂ ಎಣ್ಣೆ. ಇವೆಲ್ಲ ಕೂಡಿ 700 ಕಿಲೊಕ್ಯಾಲೊರಿ ಶಕ್ತಿಯೂ 20 ಗ್ರಾಂ ಸಸಾರಜನಕವೂ ಒದಗಬೇಕೆಂಬುದು ನಿಯಮ. ಒಂದು ಷಟ್ಪದಿಯನ್ನು ಹಿಡಿದು ಪದವಿಭಾಗ, ಅನ್ವಯ, ಅಲಂಕಾರ ಎಂದು ಗಂಟೆಗಟ್ಟಲೆ ವಾದಿಸುವ ನಮ್ಮ ವಿದ್ವಾಂಸರು ಈ ಅಂಕಿಗಳ ಸಾಲನ್ನು ಅಷ್ಟೇ ಶ್ರದ್ಧೆಯಿಂದ ಓದಿದ್ದರೆ ಎಷ್ಟೋ ಅರ್ಥಗಳು ಹೊಳೆಯುತ್ತಿದ್ದವು. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕವನ್ನು ಪಕ್ಕದಲ್ಲಿಟ್ಟುಕೊಂಡು ಲೆಕ್ಕ ಹಾಕಿದರೆ, ಪಾಲಿಶ್ ಮಾಡಿದ 150 ಗ್ರಾಂ ಅಕ್ಕಿಯಿಂದ ಸುಮಾರು 534 ಕಿಲೊಕ್ಯಾಲೊರಿ ಬರುತ್ತದೆ. ತೊಗರಿಬೇಳೆಯಿಂದ ಸುಮಾರು ನೂರು, ಎಣ್ಣೆಯಿಂದ ಎಪ್ಪತ್ತರ ಒಳಗೆ. ಎಂದರೆ ಊಟದ ಮುಕ್ಕಾಲು ಭಾಗದಷ್ಟು ಶಕ್ತಿ ಅಕ್ಕಿಯೊಂದರದೇ. ಸಸಾರಜನಕದ ಕಥೆ ಇನ್ನೂ ಕುತೂಹಲಕರವಾದದ್ದು: 20 ಗ್ರಾಮಿನಲ್ಲಿ 12 ಗ್ರಾಂ ಅಕ್ಕಿಯಿಂದ, ಆರೂವರೆ ಮಾತ್ರ ಬೇಳೆಯಿಂದ. ಸಸಾರಜನಕವೆಂದರೆ ಬೇಳೆ, ಶಕ್ತಿಯೆಂದರೆ ಅನ್ನ ಎಂದು ಚಿತ್ರಪಟದ ಮೇಲೆ ಬೇರೆ ಬೇರೆ ಬಣ್ಣಗಳಿಂದ ಬರೆದು ತೋರಿಸಿದ ಗುರುಗಳು, ಅದೇ ಮಧ್ಯಾಹ್ನ ತಮ್ಮ ಶಾಲೆಯ ತಟ್ಟೆ ಆ ವಿಭಾಗವನ್ನು ತಲೆಕೆಳಗು ಮಾಡಿ ತೋರಿಸುವುದನ್ನು ಗಮನಿಸಿದ್ದಾರೆಯೆ?

ಈ ಅಂಕಿಗಳು ಸುಳ್ಳೆಂದಲ್ಲ. ಲೆಕ್ಕಕ್ಕೆ ಲೆಕ್ಕ ಸರಿಯಾಗಿ ಕೂಡಿಬರುತ್ತದೆ, ಮತ್ತು ಹಾಗೆ ಕೂಡಿಬರುವುದರಲ್ಲಿಯೇ ದೋಷ ಅಡಗಿದೆ. ಕ್ಯಾಲೊರಿ, ಸಸಾರಜನಕ ಎಂಬ ಎರಡೇ ಕಣ್ಣುಗಳಿಂದ ನೋಡುವ ಈ ನಿಯಮ ಮೂರನೆಯದಾದ ಕಬ್ಬಿಣವನ್ನು ಕಾಣುವುದಿಲ್ಲ, ನಾಲ್ಕನೆಯದಾದ ನಾರನ್ನೂ ಕಾಣುವುದಿಲ್ಲ. ಹದಿಮೂರರಿಂದ ಹದಿನೈದು ವಯಸ್ಸಿನ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣ ಬೇಕೆಂದು ಪೋಷಣಾ ಸಂಸ್ಥೆಯ 2020ರ ಶಿಫಾರಸು ಹೇಳುತ್ತದೆ. 150 ಗ್ರಾಂ ಬಿಳಿ ಅಕ್ಕಿಯಲ್ಲಿ ಸ್ವಭಾವತಃ ಇರುವುದು ಸುಮಾರು ಒಂದು ಮಿಲಿಗ್ರಾಂ. ಅಷ್ಟೇ ತೂಕದ ಜೋಳದಲ್ಲಿ ಸುಮಾರು ಆರು. ಅಷ್ಟೇ ತೂಕದ ಸಜ್ಜೆಯಲ್ಲಿ ಒಂಬತ್ತೂವರೆ. ನಾರು ಅಕ್ಕಿಯಲ್ಲಿ ನಾಲ್ಕು ಗ್ರಾಂ ಆದರೆ ಜೋಳದಲ್ಲಿ ಹದಿನೈದು. 2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹದಿನೈದರಿಂದ ಹತ್ತೊಂಬತ್ತು ವಯಸ್ಸಿನ ಭಾರತೀಯ ಹುಡುಗಿಯರಲ್ಲಿ ಶೇಕಡಾ 59.1 ಮಂದಿ ರಕ್ತಹೀನರೆಂದು ಹೇಳಿರುವಾಗ, ಊಟವನ್ನು ಅಳೆಯುವ ಕೋಲಿನ ಮೇಲೆ ಕಬ್ಬಿಣದ ಗೆರೆಯೇ ಇಲ್ಲದಿರುವುದು ಸಣ್ಣ ಮರೆವಲ್ಲ.

ಅಧಿಕಾರಿವರ್ಗ ಇದಕ್ಕೆ ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿದೆ: ಸಾರವರ್ಧಿತ ಅಕ್ಕಿ. ಅಕ್ಕಿಯ ಹಿಟ್ಟಿಗೆ ಕಬ್ಬಿಣದ ಲವಣವನ್ನೂ ಫೋಲಿಕ್ ಆಮ್ಲವನ್ನೂ ಬಿ12 ಜೀವಸತ್ವವನ್ನೂ ಬೆರೆಸಿ, ಮತ್ತೆ ಅಕ್ಕಿಯ ಆಕಾರದ ಕಾಳಾಗಿ ಹೊಸೆದು, ನೂರು ಕಾಳಿಗೆ ಒಂದರಂತೆ ಸಾಧಾರಣ ಅಕ್ಕಿಯಲ್ಲಿ ಕಲಸುವ ಈ ವಿಧಾನದಿಂದ ಪ್ರತಿ ಕಿಲೊ ಅಕ್ಕಿಗೆ 28ರಿಂದ 42.5 ಮಿಲಿಗ್ರಾಂವರೆಗೆ ಕಬ್ಬಿಣ ಸೇರತಕ್ಕದ್ದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ವಿಧಿ. 150 ಗ್ರಾಮಿಗೆ ಇಳಿಸಿದರೆ ಇದು ನಾಲ್ಕೂ ಕಾಲರಿಂದ ಆರೂ ಕಾಲು ಮಿಲಿಗ್ರಾಮಿನ ಆಸುಪಾಸಿಗೆ ಬರುತ್ತದೆ. ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ಪ್ರಾರ್ಥನೆ. ಯಂತ್ರ, ರಾಸಾಯನಿಕ, ಗುತ್ತಿಗೆ, ಸಾಗಣೆ, ತಪಾಸಣೆ ಇಷ್ಟೆಲ್ಲ ಪರಿಕರಗಳಿಂದ ಅಕ್ಕಿಯೊಳಗೆ ತುರುಕಲಾದ ಕಬ್ಬಿಣ, ನಯಾಪೈಸೆಯ ಯಂತ್ರವಿಲ್ಲದೆ ರೋಣದ ಎರೆಯಲ್ಲಿ ಬೆಳೆದ ಜೋಳದಲ್ಲಿ ಮೊದಲಿನಿಂದಲೂ ಇದ್ದಷ್ಟೇ! ಜೋಳದ ಫೈಟೇಟ್ ಎಂಬ ದ್ರವ್ಯ ಕಬ್ಬಿಣ ಮೈಗೂಡುವುದನ್ನು ತಡೆಯುತ್ತದೆಂದು ಪೋಷಣಶಾಸ್ತ್ರಜ್ಞರು ಆಕ್ಷೇಪಿಸುತ್ತಾರೆ. ಆಕ್ಷೇಪ ಸಾಧುವಾದದ್ದೇ. ಆದರೆ ನೆನೆಸುವುದರಿಂದಲೂ ಹುಳಿ ಬರಿಸುವುದರಿಂದಲೂ ಅದು ತಗ್ಗುತ್ತದೆಂಬುದನ್ನೂ ಅವರೇ ಹೇಳುತ್ತಾರೆ. ರಾತ್ರಿ ಹುಳಿಯಿಟ್ಟ ಅಂಬಲಿಯನ್ನು ಮುಂಜಾನೆ ಕುಡಿದು ಹೊಲಕ್ಕೆ ಹೋಗುತ್ತಿದ್ದವರು ಕೋಷ್ಟಕ ನೋಡದೆಯೇ ಆ ಕೆಲಸವನ್ನು ಮಾಡಿಮುಗಿಸುತ್ತಿದ್ದರು.

ಬೇಳೆಯ ವಿಷಯದಲ್ಲಿಯೂ ಇದೇ ವೈಚಿತ್ರ್ಯ. ಮುಂಗಾರಿಯಲ್ಲಿ ಈ ತಾಲ್ಲೂಕುಗಳ ಹೊಲಗಳೆಲ್ಲ ಹೆಸರಿನ ಹಸುರಾಗಿರುತ್ತವೆ; ಸುಗ್ಗಿಯ ಹೊತ್ತಿಗೆ ಧಾರಣೆ ಕುಸಿದು, ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕಾಗಿ ರೈತರು ಮನವಿ ಹಿಡಿದು ಅಲೆಯುವುದು ವಾಡಿಕೆಯಾಗಿಬಿಟ್ಟಿದೆ. ಅವರ ಮಕ್ಕಳು ಶಾಲೆಯಲ್ಲಿ ಉಣ್ಣುವುದು ಹೊರಜಿಲ್ಲೆಯಿಂದ ಬಂದ ತೊಗರಿಬೇಳೆಯ ಸಾರು. ಜೋಳದ ಹೊಲದ ಅಂಚಿಗೆ ದನ ಬಾಯಿಹಾಕದಂತೆ ಮುಳ್ಳಿನ ಕುಸುಬಿಯನ್ನು ಬಿತ್ತಿ, ಎಳೆಯ ಎಲೆಯನ್ನು ರೊಟ್ಟಿಗೆ ನಂಚಿಕೊಂಡು, ಬಲಿತ ಕಾಳಿನಿಂದ ಎಣ್ಣೆ ತೆಗೆದ ಒಕ್ಕಲುತನದ ಊರುಗಳಲ್ಲಿ ಅಡುಗೆಯ ಎಣ್ಣೆ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಹಕ್ಕರಕಿ, ಕಿರಕಸಾಲಿ, ರಾಜಗಿರಿ ಸೊಪ್ಪುಗಳ ಹೆಸರು ಶಾಲೆಯ ದಾಸ್ತಾನಿನ ಪುಸ್ತಕದಲ್ಲಿ ಎಂದೂ ಬರೆಯಲ್ಪಡುವುದಿಲ್ಲ.

ಜೋಳವನ್ನು ಬಿಸಿಯೂಟಕ್ಕೆ ತರಬೇಕೆಂದವರಿಗೆ ಸಿಗುವ ಸಿದ್ಧ ಉತ್ತರ, ಮುನ್ನೂರು ಮಕ್ಕಳಿಗೆ ರೊಟ್ಟಿ ಬಡಿಯುವವರು ಯಾರು ಎಂಬುದು. ಅಲ್ಪ ಗೌರವಧನಕ್ಕೆ ದುಡಿಯುವ ಅಡುಗೆಯ ಹೆಣ್ಣುಮಕ್ಕಳ ಮೇಲೆ ಇನ್ನೊಂದು ಹೊರೆಯನ್ನು ಹೇರುವುದು ಅನ್ಯಾಯವೆಂಬುದನ್ನು ಒಪ್ಪೋಣ. ಆದರೆ ಈ ಪ್ರಶ್ನೆಯನ್ನು ಗದಗ ಜಿಲ್ಲೆಯಲ್ಲಿ ನಿಂತು ಕೇಳುವವರಿಗೆ ಧೈರ್ಯ ಬಹಳ. ಡಂಬಳದ ತೋಂಟದಾರ್ಯ ಮಠದಲ್ಲಿ ರೊಟ್ಟಿಯ ಹೆಸರಿನಲ್ಲಿಯೇ ಜಾತ್ರೆ ನೆರೆಯುತ್ತದೆ. ನೆರೆಯ ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಬಂದು ದಾಸೋಹಕ್ಕೆ ಸೇರುತ್ತದೆ. ಖಡಕ್ ರೊಟ್ಟಿ ದಿನಗಟ್ಟಲೆ ಕೆಡದೆ ಉಳಿಯುವ ಪದಾರ್ಥವಾದುದರಿಂದ ಊಟದ ಹೊತ್ತಿಗೇ ಬಡಿಯಬೇಕೆಂಬ ನಿರ್ಬಂಧವೂ ಇಲ್ಲ. ಮಹಿಳಾ ಸಂಘಗಳು ಅದನ್ನು ಕಟ್ಟುಗಟ್ಟಿ ಪೇಟೆಗೆ ಕಳುಹಿಸುತ್ತಿವೆ. ಅದೂ ಬೇಡವೆಂದರೆ ಜೋಳದ ನುಚ್ಚಿದೆ: ಅನ್ನ ಬೇಯಿಸುವ ಹಂಡೆಯಲ್ಲಿಯೇ, ಅದೇ ಉರಿಯಲ್ಲಿ, ಅದೇ ಕೈಗಳಿಂದ ಬೇಯಿಸಬಹುದಾದ ನುಚ್ಚು. ಮಜ್ಜಿಗೆಯೊಡನೆಯೂ ಹೆಸರಿನ ಸಾರಿನೊಡನೆಯೂ ಅದು ಹೊಂದುತ್ತದೆಂಬುದನ್ನು ಈ ಭಾಗದಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಹೀಗಿರಲಾಗಿ ರೊಟ್ಟಿಯ ಶ್ರಮವನ್ನು ಮುಂದೊಡ್ಡುವ ವಾದ ಜೋಳವನ್ನು ತಡೆಯುವುದಕ್ಕೆ ಹುಡುಕಿದ ನೆಪವೆಂದೇ ತೋರುತ್ತದೆ.

ಇಲ್ಲಿ ಮೂರು ಬಗೆಯ ಸಹವಿಮರ್ಶಕರೊಡನೆ ಜಗಳವಾಡದೆ ಮುಂದೆ ಹೋಗುವಂತಿಲ್ಲ. ಮೊದಲನೆಯವರು ಸಿರಿಧಾನ್ಯದ ಭಕ್ತರು. ವಿಶ್ವಸಂಸ್ಥೆ ಭಾರತದ ಸೂಚನೆಯ ಮೇರೆಗೆ 2023ನ್ನು ಕಿರುಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಸಾರಿದಾಗ ಇವರ ಉತ್ಸಾಹಕ್ಕೆ ಮೇರೆಯಿರಲಿಲ್ಲ. ಈ ಪಂಥಕ್ಕೆ ನಾಡಿನಲ್ಲೆಲ್ಲ ಹೆಸರು ತಂದು ಅದೇ ವರ್ಷ ಪದ್ಮಶ್ರೀ ಗೌರವಕ್ಕೆ ಪಾತ್ರರಾದ ಡಾ. ಖಾದರ್ ಅವರ ವರ್ಗೀಕರಣದಲ್ಲಿ ನವಣೆ, ಸಾಮೆ, ಆರಕ, ಊದಲು, ಕೊರಲೆ ಎಂಬ ಐದು ಉತ್ತಮವರ್ಗಕ್ಕೆ ಸೇರುತ್ತವೆ. ಅಕ್ಕಿ ಗೋದಿಗಳು ತ್ಯಾಜ್ಯವರ್ಗಕ್ಕೆ. ಜೋಳ, ಸಜ್ಜೆ, ರಾಗಿಗಳು ನಡುವಿನ ತಟಸ್ಥವರ್ಗಕ್ಕೆ. ಮರೆತುಹೋಗಿದ್ದ ಕಾಳುಗಳನ್ನು ಮತ್ತೆ ಜನರ ಬಾಯಿಗೆ ತಂದ ಅವರ ಪರಿಶ್ರಮವನ್ನು ಅಲ್ಲಗಳೆಯುವಂತಿಲ್ಲ. ಆದರೆ ಧಾನ್ಯಗಳಿಗೆ ಹೀಗೆ ಜಾತಿಕಟ್ಟಿ ಕೂಡಿಸುವ ಕ್ರಮಕ್ಕೆ ಕೋಷ್ಟಕದ ಆಧಾರ ದುರ್ಬಲವಾದದ್ದು. ಸಜ್ಜೆಯ ಕಬ್ಬಿಣವಾಗಲಿ ಜೋಳದ ನಾರಾಗಲಿ ಎರಡನೆಯ ದರ್ಜೆಯವೆಂದು ಹೇಳುವುದಕ್ಕೆ ಏನು ಪ್ರಮಾಣ? ನಗರದಲ್ಲಿ ಜೋಳಕ್ಕಿಂತ ಹೆಚ್ಚಿನ ಬೆಲೆಗೆ ಮಾರುವ ಐದು ಕಾಳುಗಳ ಮಹಿಮೆಯನ್ನು ಗಜೇಂದ್ರಗಡದ ಹೈಸ್ಕೂಲಿನಲ್ಲಿ ಬಂದು ಉಪನ್ಯಾಸ ಮಾಡಿದರೆ, ಅದನ್ನು ಕೇಳಿದ ಹುಡುಗಿ ತನ್ನ ಮನೆಯ ಸಜ್ಜೀರೊಟ್ಟಿ ಅತ್ತ ಅನ್ನದಷ್ಟು ನಾಗರಿಕವೂ ಅಲ್ಲ, ಇತ್ತ ನವಣೆಯಷ್ಟು ಪವಿತ್ರವೂ ಅಲ್ಲ ಎಂದು ತಿಳಿದು ಹೊರಡುತ್ತಾಳೆ. ಇದು ವಿದ್ಯೆಯೋ ಅವಿದ್ಯೆಯೋ ವಿಚಾರಿಸಬೇಕು.

ಎರಡನೆಯವರು ಕನಕದಾಸರ ರಾಮಧಾನ್ಯ ಚರಿತ್ರೆಯನ್ನು ಪೋಷಣಶಾಸ್ತ್ರದ ಗ್ರಂಥವೆಂಬಂತೆ ಪ್ರತಿ ಸಭೆಯಲ್ಲಿಯೂ ಉದ್ಧರಿಸುವವರು. ಭತ್ತವೂ ನರೆದಲಗವೆಂಬ ರಾಗಿಯೂ ಹಿರಿಮೆಗಾಗಿ ಕಲಹಮಾಡಿ, ರಾಮನ ಆಜ್ಞೆಯಿಂದ ಆರು ತಿಂಗಳು ಸೆರೆಯಲ್ಲಿದ್ದು, ಭತ್ತ ಸತ್ತ್ವಗೆಟ್ಟು ರಾಗಿ ಕೆಡದೆ ಹೊರಬಂದ ಕಥೆ ಸರ್ವವಿದಿತ. ಆ ಕಾವ್ಯದ ಸಾಮಾಜಿಕ ಧ್ವನಿಯ ಬಗ್ಗೆ ನನಗೆ ಯಾವ ವಿವಾದವೂ ಇಲ್ಲ. ಆದರೆ ಅಲ್ಲಿಯ ಪರೀಕ್ಷೆ ಯಾವುದು? ಯಾವ ಧಾನ್ಯ ಹೆಚ್ಚು ಕಾಲ ಹಗೇವಿನಲ್ಲಿ ಉಳಿಯುತ್ತದೆಂಬುದು. ಬರ ಬರುವ ನಾಡಿನಲ್ಲಿ ಅದು ಸರ್ವೋಚ್ಚ ಪರೀಕ್ಷೆಯೇ ಸರಿ. ಆದರೆ ಹದಿನಾಲ್ಕು ವಯಸ್ಸಿನ ಹುಡುಗಿಯ ರಕ್ತಕ್ಕೆ ಬೇಕಾದ ಪರೀಕ್ಷೆ ಬೇರೆ, ನೀರಿಲ್ಲದ ಹೊಲಕ್ಕೆ ಬೇಕಾದ ಪರೀಕ್ಷೆ ಬೇರೆ. ಆ ಕಾವ್ಯದಲ್ಲಿ ಜೋಳವೂ ಧಾನ್ಯಗಳ ಸಾಲಿನಲ್ಲಿ ಬಂದು ನಿಲ್ಲುತ್ತದೆ. ವಾದದಲ್ಲಿ ಅದಕ್ಕೆ ಪಾತ್ರವಿಲ್ಲ. ಕವಿ ಕಥೆಗೆ ಬೇಕಾದ ಇಬ್ಬರನ್ನು ಆರಿಸಿಕೊಂಡದ್ದು ಅವನ ಸ್ವಾತಂತ್ರ್ಯ. ಆದರೆ 2024ರ ಫೆಬ್ರುವರಿಯಿಂದ ರಾಜ್ಯದ ಶಾಲೆಗಳಿಗೆಲ್ಲ ವಾರಕ್ಕೆ ಮೂರು ದಿನ ರಾಗಿಯ ಪೇಯವನ್ನು ಹಂಚಲು ಹೊರಟವರು, ಧಾರವಾಡ ಸೀಮೆಯ ಜೋಳದ ನಾಡಿಗೂ ಅದೇ ಪುಡಿಯ ಪೊಟ್ಟಣವನ್ನು ಕಳುಹಿಸಿ ಸ್ಥಳೀಯ ಧಾನ್ಯವನ್ನು ಉದ್ಧರಿಸಿದೆವೆಂದು ಹೇಳಿಕೊಂಡರೆ ಅದನ್ನು ಕವಿಸ್ವಾತಂತ್ರ್ಯವೆನ್ನಲಾದೀತೆ? ರಾಗಿಯಲ್ಲಿ ಸುಣ್ಣದ ಅಂಶ ಹೇರಳವಾಗಿದೆ, ನೂರು ಗ್ರಾಮಿಗೆ 364 ಮಿಲಿಗ್ರಾಂ. ಆ ಪ್ರಯೋಜನವನ್ನು ಒಪ್ಪಿಕೊಂಡೇ ಈ ಮಾತು.

ಮೂರನೆಯವರಾದ ಮೊಟ್ಟೆಯ ವಿರೋಧಿಗಳೊಡನೆ ನನ್ನ ಜಗಳ ಹೆಚ್ಚು ಖಾರವಾದದ್ದು. ಶಾಲೆಯಲ್ಲಿ ಮೊಟ್ಟೆ ಕೊಡುವ ಪ್ರಸ್ತಾಪ 2021ರಲ್ಲಿ ಬಂದಾಗ ಸಾತ್ತ್ವಿಕತೆಯ ಹೆಸರಿನಲ್ಲಿ ಎದ್ದ ಕೋಲಾಹಲ ಇನ್ನೂ ಕಿವಿಯಲ್ಲಿದೆ. ಮರುವರ್ಷ ಹೊಸ ಶಿಕ್ಷಣನೀತಿಯ ಅಂಗವಾಗಿ ಆರೋಗ್ಯವನ್ನು ಕುರಿತು ಸಿದ್ಧವಾದ ರಾಜ್ಯದ ನಿಲುವಿನ ಪತ್ರವೊಂದು, ಮೊಟ್ಟೆ ಮಾಂಸಗಳು ಮಕ್ಕಳಲ್ಲಿ ಜೀವನಶೈಲಿಯ ರೋಗಗಳಿಗೆ ಎಡೆಮಾಡುತ್ತವೆಂಬರ್ಥದ ಮಾತನ್ನು ಶಾಸ್ತ್ರದ ಭಾಷೆಯಲ್ಲಿ ಆಡಿತು. ಇದಕ್ಕೆ ಉತ್ತರ ನಮ್ಮ ಜಿಲ್ಲೆಯಿಂದಲೇ ಬಂದದ್ದು ಒಂದು ವಿಚಿತ್ರ ಯೋಗ. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ನಡೆಸಿದ ಅಧ್ಯಯನದಲ್ಲಿ ಮೊಟ್ಟೆ ತಿಂದ ಯಾದಗಿರಿ ಜಿಲ್ಲೆಯ ಮಕ್ಕಳನ್ನು ಮೊಟ್ಟೆ ತಿನ್ನದ ಗದಗ ಜಿಲ್ಲೆಯ ಮಕ್ಕಳೊಡನೆ ಹೋಲಿಸಲಾಯಿತು. ಯಾದಗಿರಿಯ ಮಕ್ಕಳ, ವಿಶೇಷವಾಗಿ ಎಂಟನೆಯ ತರಗತಿಯ ಹುಡುಗಿಯರ, ತೂಕ ಸ್ಪಷ್ಟವಾಗಿ ಹೆಚ್ಚು ಏರಿದ್ದು ಕಂಡುಬಂದಿತು. ಎಂದರೆ, ಮೊಟ್ಟೆ ಮಕ್ಕಳಿಗೆ ಹಿತವೆಂಬ ಸಂಗತಿ ಸಾಬೀತಾದದ್ದು ಗದಗಿನ ಮಕ್ಕಳು ಅದನ್ನು ತಿನ್ನದೆ ಹಿಂದುಳಿದದ್ದರಿಂದ. ಆಯ್ಕೆ, ಆಯ್ಕೆ ಎಂದು ವೇದಿಕೆಯ ಮೇಲೆ ಭಾಷಣ ಮಾಡುವವರು, ತಮ್ಮ ಮಕ್ಕಳು ಯಾರ ಆಯ್ಕೆಯಿಂದ ಆ ತಕ್ಕಡಿಯ ಹಗುರವಾದ ತಟ್ಟೆಯಲ್ಲಿ ಕುಳಿತರೆಂಬುದನ್ನು ಆಲೋಚಿಸಬೇಕಾಗಿತ್ತು. ಒಲ್ಲದವರಿಗೆ ಬಾಳೆಹಣ್ಣು, ಬೇಕಾದವರಿಗೆ ಮೊಟ್ಟೆ ಎಂಬ ಏರ್ಪಾಡು ಆಮೇಲೆ ಎಲ್ಲ ಜಿಲ್ಲೆಗಳಿಗೂ ಬಂದು, 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನೊಡನೆ ವಾರಕ್ಕೆ ಆರು ದಿನಗಳಿಗೆ ವಿಸ್ತರಿಸಿತು. ಗಮನಿಸತಕ್ಕ ಅಂಶವೆಂದರೆ, ಹದಿಹರೆಯದ ವಿದ್ಯಾರ್ಥಿಗೆ ಆಹಾರದ ವಿಷಯದಲ್ಲಿ ಸರ್ಕಾರ ಕೊಟ್ಟ ನಿಜವಾದ ಆಯ್ಕೆ ಇದೊಂದೇ.

ದೇಹದ ಹಿತದಿಂದ ನೆಲಜಲಗಳ ಹಿತಕ್ಕೆ ತಿರುಗಿ ನೀರಿನ ಮಾತೆತ್ತಿದಾಗ ನರಗುಂದವನ್ನು ನೆನೆಯದೆ ಇರುವುದು ಹೇಗೆ? 1980ರ ಜುಲೈ 21ರ ರೈತ ಬಂಡಾಯದ ಊರು ಇದು. 2015ರ ಜುಲೈಯಿಂದ ಮಹದಾಯಿಯ ನೀರಿಗಾಗಿ ವರ್ಷಗಟ್ಟಲೆ ಧರಣಿ ಕುಳಿತ ಊರೂ ಇದೇ. 2018ರ ಆಗಸ್ಟಿನಲ್ಲಿ ಬಂದ ನ್ಯಾಯಾಧಿಕರಣದ ತೀರ್ಪು ಕಳಸಾ ಬಂಡೂರಿಗಳಿಂದ ಮಲಪ್ರಭೆಗೆ ತಿರುಗಿಸಿಕೊಳ್ಳಲು 3.9 ಟಿಎಂಸಿ ನೀರಿಗೆ ಒಪ್ಪಿಗೆ ಕೊಟ್ಟಿತೆಂಬುದನ್ನು ಅಲ್ಲಿಯ ಒಂಬತ್ತನೆಯ ತರಗತಿಯ ಹುಡುಗ ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದಾನು. ಆದರೆ ಕೆಸರುಗದ್ದೆಯಲ್ಲಿ ತಿಂಗಳುಗಟ್ಟಲೆ ನಿಂತ ನೀರಿನಿಂದ ಹುಟ್ಟಿದ ಅಕ್ಕಿ ಒಂದು ಕಿಲೊಕ್ಕೆ ಸಾವಿರಾರು ಲೀಟರ್ ಕುಡಿಯುತ್ತದೆ, ಆ ನಿಂತ ನೀರಿನಿಂದ ಮೀಥೇನ್ ಅನಿಲ ಹೊರಡುತ್ತದೆ, ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ ತನ್ನ ಜಿಲ್ಲೆಯ ಹಿಂಗಾರಿ ಜೋಳ ಕಾಲುವೆಯ ಹಂಗಿಲ್ಲದೆ ಬೆಳೆದು ಕಣಿಕೆಯಿಂದ ಎತ್ತಿನ ಹೊಟ್ಟೆಯನ್ನೂ ತುಂಬುತ್ತದೆ ಎಂಬ ಲೆಕ್ಕವನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಧರಣಿಯ ಪೆಂಡಾಲು ಒಂದು ಕಡೆ, ಅಡುಗೆಯ ಕೋಣೆ ಇನ್ನೊಂದು ಕಡೆ. ಕಾಲುವೆ ಬಂದ ಮೇಲೆ ಹತ್ತಿ, ಮೆಕ್ಕೆಜೋಳಗಳು ಹರಡಿಕೊಂಡ ನೆಲದಲ್ಲಿ ಉಣ್ಣುವ ಬೆಳೆ ಹಿಂದೆ ಸರಿದದ್ದನ್ನು ಸಮಾಜವಿಜ್ಞಾನದ ಪಾಠವಾಗಿ ಹೇಳಬಹುದಾಗಿತ್ತು. ಅದನ್ನು ಹೇಳುವ ಪುಸ್ತಕ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

ಚಿತ್ರಪಟದ ಪಕ್ಷಕ್ಕೆ ನ್ಯಾಯ ಸಲ್ಲಿಸುವುದಾದರೆ, ವಾರವಾರದ ಕಬ್ಬಿಣದ ಮಾತ್ರೆಯನ್ನು ಹುಡುಗಿಯರು ಅಂಜದೆ ನುಂಗುವಂತೆ ಮಾಡಿದ್ದರಲ್ಲಿ ಅದರ ಪಾಲು ಇದೆ. ಪ್ರದರ್ಶನದ ನೆಪದಿಂದ ಮನೆಯ ಅಗಸಿಹಿಂಡಿ, ಗುರೆಳ್ಳು ಚಟ್ನಿಗಳು ಒಂದು ದಿನವಾದರೂ ಶಾಲೆಯ ಮೇಜಿನ ಮೇಲೆ ಕುಳಿತದ್ದೂ ನಿಜ. ಇಷ್ಟು ಸಾಕು.

ಇನ್ನು ಪೊಟ್ಟಣದ ತಿನಿಸಿನ ವಿಷಯ. ಕೊಬ್ಬು, ಉಪ್ಪು, ಸಕ್ಕರೆಗಳು ಅಧಿಕವಾಗಿರುವ ಪದಾರ್ಥಗಳನ್ನು ಶಾಲೆಯ ಬಾಗಿಲಿನಿಂದ 50 ಮೀಟರ್ ಒಳಗೆ ಮಾರಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ನಮ್ಮ ಊರುಗಳಲ್ಲಿ ಶಾಲೆಗೂ ಬಸ್ ನಿಲ್ದಾಣಕ್ಕೂ ಇರುವ ಅಂತರವನ್ನು ಬಲ್ಲವರಿಗೆ ಇದು ನಗೆ ತರಿಸಿದರೆ ಆಶ್ಚರ್ಯವಿಲ್ಲ. ಅಂಗಡಿಯ ಮುಂದೆ ಐದೋ ಹತ್ತೋ ರೂಪಾಯಿ ಹಿಡಿದು ನಿಂತ ಹುಡುಗ ಅಲ್ಲಿ ಮಾಡುವುದು, ಮೊಟ್ಟೆಯೋ ಬಾಳೆಹಣ್ಣೋ ಎಂಬುದನ್ನು ಬಿಟ್ಟರೆ, ಅವನ ಇಡೀ ದಿನದ ಏಕಮಾತ್ರ ಸ್ವತಂತ್ರ ಆಯ್ಕೆ. ಮನೆಯಲ್ಲಿ ಅವ್ವ ಬಡಿಸಿದ್ದು, ಶಾಲೆಯಲ್ಲಿ ಸರ್ಕಾರ ಬಡಿಸಿದ್ದು. ಆ ಸ್ವಾತಂತ್ರ್ಯವನ್ನು ಅವನಿಗೆ ಕೊಟ್ಟದ್ದು ಪೊಟ್ಟಣದ ಕಂಪನಿ ಮಾತ್ರವಾದುದರಿಂದ ಅವನ ಪ್ರೀತಿಯೂ ಅದಕ್ಕೇ ಸಲ್ಲುತ್ತದೆ. ರೋಣದ ಬಿಸಿ ಗಿರ್ಮಿಟ್ಟಾಗಲಿ ಮಿರ್ಚಿಯಾಗಲಿ ಪೋಷಣಶಾಸ್ತ್ರದ ಮುಂದೆ ನಿರಪರಾಧಿಗಳೆಂದು ನಾನು ವಾದಿಸಲಾರೆ. ಕಣ್ಣೆದುರಿಗೆ ಚುರಮುರಿ ಕಲಸಿಕೊಡುವವನಿಗೂ ಹೊಳೆಯುವ ಪೊಟ್ಟಣಕ್ಕೂ ವ್ಯತ್ಯಾಸವಿದೆಯೆಂದಷ್ಟೇ ಹೇಳಬಲ್ಲೆ.

ಆದ ಕಾರಣ ಆಹಾರದ ಆಯ್ಕೆಯನ್ನು ಕಲಿಸುತ್ತೇವೆಂದು ಹೊರಟವರು ಮೊದಲು ಶಾಲೆಯ ದಾಸ್ತಾನಿನ ಪುಸ್ತಕವನ್ನು ಒಂಬತ್ತನೆಯ ತರಗತಿಯ ಮಕ್ಕಳ ಕೈಗೆ ಕೊಡಲಿ. ಅಕ್ಕಿ ಎಲ್ಲಿಂದ ಬಂತು, ಬೇಳೆ ಎಷ್ಟು, ತರಕಾರಿಗೆ ದುಡ್ಡೆಷ್ಟು, 75 ಗ್ರಾಂ ಎಂಬುದು ತಟ್ಟೆಗೆ ಬರುವಷ್ಟರಲ್ಲಿ ಎಷ್ಟಾಯಿತು, ಹನ್ನೊಂದು ವಯಸ್ಸಿನ ಹುಡುಗಿಗೆ ದಿನಕ್ಕೆ 2060 ಕಿಲೊಕ್ಯಾಲೊರಿಯೂ ಹದಿನೈದರ ಹುಡುಗನಿಗೆ 2860 ಕಿಲೊಕ್ಯಾಲೊರಿಯೂ ಬೇಕೆಂದಾದ ಮೇಲೆ ಇಬ್ಬರಿಗೂ ಒಂದೇ 150 ಗ್ರಾಂ ಹೇಗೆ ಎಂದು ಅವರೇ ಕೂಡಿ ಕಳೆದು ನೋಡಲಿ. ವಾರದಲ್ಲಿ ಒಂದು ದಿನದ ಊಟವನ್ನು, ಅದೇ ಹಣದೊಳಗೆ, ಹೋಬಳಿಯ ಹೊಲಗಳಲ್ಲಿ ಬೆಳೆದದ್ದರಿಂದಲೇ, ಅವರು ನಿರ್ಣಯಿಸಲಿ. ನುಚ್ಚು ಬೇಡ ಅನ್ನವೇ ಬೇಕೆಂದು ಬಹುಮತದಿಂದ ತೀರ್ಮಾನಿಸಿದರೆ ಅದನ್ನೂ ಮನ್ನಿಸಬೇಕು. ಹಬ್ಬದ ದಿನ ಮಾತ್ರ ಅನ್ನ ಕಾಣುತ್ತಿದ್ದ ಅಜ್ಜನ ಮೊಮ್ಮಕ್ಕಳಿಗೆ ಅನ್ನ ಹಿರಿದಾಗಿ ಕಂಡರೆ ತಪ್ಪೇನು? ಆ ಹಿರಿಮೆಯನ್ನು ಎರಡು ಸಾವಿರ ಸಲ ದೃಢಪಡಿಸಿದವರು ನಾವೇ.

ಇದಕ್ಕೆಲ್ಲ ಮೇಲಿನಿಂದ ಅಪ್ಪಣೆ ಬರಬೇಕೆಂದು ಮುಖ್ಯೋಪಾಧ್ಯಾಯರುಗಳು ಹೇಳುವುದನ್ನು ನಾನು ಬಲ್ಲೆ. ಅಪ್ಪಣೆ ಬಂದು ಕುಳಿತಿದೆ: ಬಿಸಿಯೂಟದ ಯೋಜನೆ 2021ರಲ್ಲಿ ಪಿಎಂ ಪೋಷಣ್ ಎಂಬ ಹೊಸ ಹೆಸರನ್ನು ಪಡೆದ ತರುವಾಯ, ಕಿರುಧಾನ್ಯಗಳನ್ನು ತಿನ್ನುವುದು ಜನರ ಸಂಸ್ಕೃತಿಯಲ್ಲಿಯೇ ಬೆರೆತಿರುವ ಜಿಲ್ಲೆಗಳಲ್ಲಿ ಅವುಗಳನ್ನು ಊಟದಲ್ಲಿ ಸೇರಿಸುವ ಸಾಧ್ಯತೆಯನ್ನು ಪರಿಶೀಲಿಸಿರೆಂದು ಕೇಂದ್ರ ಶಿಕ್ಷಣ ಮಂತ್ರಾಲಯ ರಾಜ್ಯಗಳಿಗೆ ಸೂಚಿಸಿದೆ. ಆ ವರ್ಣನೆಗೆ ರೋಣ, ನರಗುಂದ, ಗಜೇಂದ್ರಗಡಗಳ ಜಿಲ್ಲೆ ಒಳಪಡುವುದಿಲ್ಲವಾದರೆ ಯಾವ ಜಿಲ್ಲೆ ಒಳಪಡುತ್ತದೆಂಬುದನ್ನು, ಪೋಷಣ ಮಾಸದ ಮುಂದಿನ ಸಭೆಯಲ್ಲಿ ಊಟದ ಗಂಟೆಗೆ ಮೊದಲೇ ಎದ್ದುಹೋಗದೆ, ಸಂಬಂಧಪಟ್ಟವರು ತಿಳಿಯಹೇಳಬೇಕು.